ಮುಂದೆ ಉಂಟು

ಮುಂಡಾಜೆಯಿಂದ ಬೆಳ್ತಂಗಡಿಗೆ ಬರುವ ಖಾಸಗಿ ಬಸ್ಸಿನ ಡ್ರೈವರ್ ಅವರು. ಎದುರಿನಿಂದ ಯಾರಾದರೂ ವೇಗವಾಗಿ ಬಂದರೆ ಹೆಡ್‌ಲೈಟನ್ನು ಎರಡು ಸಲ ಹಾಕಿ ಆರಿಸಿ, ಕಿಟಕಿಯಿಂದ ಕೈ ಚಾಚಿ, "ಮುಂದೆ ಉಂಟು!" ಎಂದು ಕೂಗುತ್ತಿದ್ದರು. ಆಗಷ್ಟೇ ನಮ್ಮ ರಸ್ತೆಗಳಿಗೆ ಗಾಡಿಗಳ ವೇಗ ಅಳೆಯುವ ಪೊಲೀಸರ ಸ್ಪೀಡ್ ಗನ್ ಬಂದಿತ್ತು. ಉಂಟು ಎಂದರೆ ಅದೇ ಎಂದು ನಾವೆಲ್ಲ ತಿಳಿದಿದ್ದೆವು.

ಒಂದು ಸಂಜೆ ಬೈಕಿನಲ್ಲಿ ಹಾರಿಕೊಂಡು ಹೋಗುತ್ತಿದ್ದ ನಾನು ಆ ಲೈಟು ಕಂಡು, ದಂಡದ ಭಯಕ್ಕೆ ನಿಧಾನ ಮಾಡಿದೆ. ತಿರುವು ದಾಟಿದರೆ ಪೊಲೀಸರೇ ಇಲ್ಲ. ಶಾಲೆ ಬಿಟ್ಟಿತ್ತು. ಪುಟ್ಟ ಹುಡುಗಿಯೊಬ್ಬಳು ರಸ್ತೆಯ ನಡುವೆ ಬಗ್ಗಿ, ಕಳಚಿದ ಚಪ್ಪಲಿಗೆ ಕಾಲು ತೂರಿಸುತ್ತಿದ್ದಳು. ಬೈಕು ಅವಳಿಂದ ಒಂದು ಮಾರು ದೂರದಲ್ಲಿ ನಿಂತಿತು. ಅವಳು ತಲೆಯನ್ನೂ ಎತ್ತಲಿಲ್ಲ.

ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದ ಅವರನ್ನು ಹುಡುಕಿ ಹಿಡಿದೆ.

"ನಿನ್ನೆ ಅಲ್ಲಿ ಗನ್ ಇರ್ಲಿಲ್ಲವಲ್ಲ ಮಾರಾಯ್ರೆ?"

"ಗನ್ ಉಂಟು ಅಂತ ನಾನು ಯಾವಾಗ ಹೇಳಿದ್ದು?" ಅವರು ಚಹಾ ಊದಿದರು. "ಶಾಲೆ ಉಂಟು ಅಂದಿದ್ರೆ ನೀವು ನಿಧಾನ ಮಾಡ್ತಿದ್ರಾ?"

ಗ್ಲಾಸಿನ ಸಮೇತ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಬಿಡಿ ಮಾರಾಯ್ರೆ," ಎಂದರು, "ಚಹಾ ಚೆಲ್ತದೆ."