ಕಾಮೆಂಟಿನೊಳಗೆ ಸೇರಿಹೋದ ಅಲಾರಂ

ಕೋವಿಡ್ ಅಡಗಿದ ಮರುವರ್ಷ ನಾನು ಇಂದಿರಾನಗರದ ಒಂದು ಸಣ್ಣ ಕಂಪನಿಯಲ್ಲಿ ಟೆಸ್ಟಿಂಗ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ರೋಗಿಯ ರಕ್ತನಾಳಕ್ಕೆ ಔಷಧಿಯನ್ನು ಹನಿಹನಿಯಾಗಿ ಬಿಡುವ ಪಂಪಿಗೆ ನಾವು ಸಾಫ್ಟ್‌ವೇರ್ ಬರೆಯುತ್ತಿದ್ದೆವು. ನಳಿಕೆಯಲ್ಲಿ ಗಾಳಿ ಸೇರಿದರೆ ಪಂಪು ನಿಂತು ಅಲಾರಂ ಕೂಗಬೇಕು. ಕೂಗದಿದ್ದರೆ ರೋಗಿಯ ಜೀವಕ್ಕೇ ಕುತ್ತು.

ಕೋಡಿನ ನಡುವೆ ಮನುಷ್ಯರಿಗಾಗಿ ಬರೆದಿಡುವ ವಿವರಣೆಗೆ ಕಾಮೆಂಟ್ ಎನ್ನುತ್ತಾರೆ. ಯಂತ್ರ ಅದನ್ನು ಓದುವುದಿಲ್ಲ. ನಮ್ಮ ತಂಡದಲ್ಲಿ ಕಾಮೆಂಟ್ ಬರೆಯುವುದರಲ್ಲಿ ಒಬ್ಬೊಬ್ಬರದು ಒಂದೊಂದು ರಾಗ. ಆಸ್ಪತ್ರೆಯಲ್ಲಿ ಪಂಪಿನ ಪ್ರಯೋಗ ನಡೆಯುವ ಮುನ್ನ ಎಲ್ಲವೂ ಒಂದೇ ಶೈಲಿಗೆ ಬರಬೇಕೆಂದು ಮ್ಯಾನೇಜರ್ ಸೆಲ್ವಂ ಹಟ ಹಿಡಿದರು. ಪ್ರೋಗ್ರಾಮರ್ ನವೀನ್ ಕೂತು ಕೈಯಾರೆ ಎಲ್ಲವನ್ನೂ ತಿದ್ದಿದ. ಮತ್ತೊಮ್ಮೆ ಪರೀಕ್ಷಿಸೋಣ ಎಂದೆ.

"ಬರೀ ಕಾಮೆಂಟ್ ಚೇಂಜ್ ಆಗಿರೋದು ಮೇಡಂ, ಟೆಸ್ಟ್ ಯಾಕೆ?" ಎಂದು ಸೆಲ್ವಂ ನಕ್ಕುಬಿಟ್ಟರು.

ಮರುದಿನ ಬೆಳಿಗ್ಗೆ ನವೀನ್ ಪಂಪನ್ನು ಕಾರಿನಲ್ಲಿಟ್ಟುಕೊಂಡು ಕೆ.ಆರ್. ಪುರದಾಚೆಯ ಆಸ್ಪತ್ರೆಗೆ ಹೊರಟ. ನನಗೆ ಸಮಾಧಾನವಿರಲಿಲ್ಲ. ಅದೇ ಸಾಫ್ಟ್‌ವೇರನ್ನು ಆಫೀಸಿನಲ್ಲಿದ್ದ ಇನ್ನೊಂದು ಪಂಪಿಗೆ ಹಾಕಿ, ನಳಿಕೆಯೊಳಗೆ ಗಾಳಿ ಬಿಟ್ಟೆ. ಗುಳ್ಳೆ ಕಣ್ಣೆದುರೇ ಸಾಗಿಹೋಯಿತು, ಅಲಾರಂ ಕೂಗಲಿಲ್ಲ. ಕೋಡ್ ತೆಗೆದು ನೋಡಿದರೆ, ಒಂದು ಕಾಮೆಂಟಿನ ಕೊನೆಗೆ ಹಾಕಬೇಕಾದ ಮುಕ್ತಾಯದ ಗುರುತು ಬಿಟ್ಟುಹೋಗಿತ್ತು. ಅದರ ಕೆಳಗಿದ್ದ ಅಲಾರಂ ಸಾಲುಗಳೂ ಕಾಮೆಂಟಿಗೇ ಸೇರಿಕೊಂಡು, ಯಂತ್ರ ಅವನ್ನು ಓದದೆ ದಾಟುತ್ತಿತ್ತು.

ನವೀನ್ ಫೋನ್ ಎತ್ತಲಿಲ್ಲ. ಆ ದಾರಿಯಲ್ಲಿ ಸಿಗುವ, ನಾವು ದಿನಾ ಶಪಿಸುವ ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಅವನು ಇನ್ನೂ ಸಿಕ್ಕಿಕೊಂಡಿರಲಪ್ಪಾ ಎಂದು ಬೇಡಿಕೊಂಡೆ.

"ಈಗ ನಿಲ್ಸಿದ್ರೆ ಆಸ್ಪತ್ರೆಯವ್ರು ನಮ್ಮನ್ನ ಮತ್ತೆ ಸೇರ್ಸಲ್ಲ ಮೇಡಂ. ಇನ್ನೊಂದ್ಸಲ ಚೆಕ್ ಮಾಡಿ ಹೇಳೋಣ," ಎಂದರು ವಿಷಯ ಕೇಳಿದ ಸೆಲ್ವಂ.

"ಸೇರಿಸ್ದಿದ್ರೆ ಬೇಡ ರೀ," ಎಂದವಳೇ ನೇರ ವಾರ್ಡಿಗೆ ಫೋನ್ ಮಾಡಿದೆ. ಎತ್ತಿದ್ದು ನರ್ಸ್.

"ನಿಮ್ಮೋರು ಆಗ್ಲೇ ಬಂದವ್ರೆ ಮೇಡಂ. ಪೇಷೆಂಟ್‌ಗೆ ಪಂಪಿನ ಲೈನ್ ಹಾಕಿದೀವಿ, ಇನ್ನೇನು ಆನ್ ಮಾಡ್ಬೇಕು."

"ಆನ್ ಮಾಡ್ಬೇಡಿ ಸಿಸ್ಟರ್. ಮೊದ್ಲು ಪೇಷೆಂಟ್ ಕೈಯಿಂದ ಲೈನ್ ಬಿಡಿಸಿ, ಆಮೇಲೆ ಕಾರಣ ಹೇಳ್ತೀನಿ."

ಸಿಸ್ಟರ್ ಫೋನ್ ಪಕ್ಕಕ್ಕಿಟ್ಟು ಹೋದರು. ವಾಪಸ್ ಬಂದು, "ಬಿಡಿಸ್ದೆ," ಎಂದರು.

ನವೀನ್ ಬಂದು ತಲೆ ತಗ್ಗಿಸಿ ನಿಂತಾಗ ಬೈಯಲು ಮನಸ್ಸಾಗಲಿಲ್ಲ. ಸೆಲ್ವಂ ಮೇಲಿನ ಸಿಟ್ಟು ಮಾತ್ರ ಇನ್ನೂ ಆರಿಲ್ಲ. ಎಲ್ಲ ಕಾಮೆಂಟೂ ಒಂದೇ ಶೈಲಿಯಲ್ಲಿರಬೇಕೆಂಬ ನಿಯಮ ಒಳ್ಳೆಯದೇ. ಆದರೆ ಕೋಡಿನಲ್ಲಿ ಒಂದು ಚುಕ್ಕೆ ಮುಟ್ಟಿದರೂ ಪರೀಕ್ಷೆ ಮೊದಲಿನಿಂದ ಆಗಲೇಬೇಕು, ಅದು ಯಂತ್ರ ಓದದ ಸಾಲೇ ಇರಲಿ. ಸೆಲ್ವಂ ಹೇಳಿದಂತೆಯೇ ಆ ಆಸ್ಪತ್ರೆ ನಮ್ಮನ್ನು ಮತ್ತೆ ಕರೆಯಲಿಲ್ಲ. ಅಂದು ಹಾಸಿಗೆಯ ಮೇಲಿದ್ದವರು ಯಾರೆಂದು ನಾನು ಕೇಳಲೂ ಇಲ್ಲ. ವಾರದೊಳಗೆ ಹುಷಾರಾಗಿ ಮನೆಗೆ ಹೋದರಂತೆ. ನನಗೆ ಅಷ್ಟು ಸಾಕಾಗಿತ್ತು.