ಎಲೆಗಳಿಗೆ ಮಾರ್ಕು ಹಾಕುವ ಸರ್

ಚಿಕ್ಕೋಡಿಯ ಫಾರ್ಮಸಿ ಕಾಲೇಜಿನ ಭೂಪಾಲ ಸರ್ ಬೇಲಿಯ ಬಳ್ಳಿಯನ್ನೂ ಸುಮ್ಮನೆ ಬಿಡುವವರಲ್ಲ. ಎಲೆಯೊಳಗಿನ ರಾಸಾಯನಿಕಗಳನ್ನು ಕಂಪ್ಯೂಟರಿಗೆ ಹಾಕಿ, ಯಾವುದು ಕ್ಯಾನ್ಸರಿಗೆ ಮದ್ದಾದೀತೆಂದು ಮಾರ್ಕು ಕೊಡಿಸುತ್ತಾರೆ. ವಿದ್ಯಾರ್ಥಿಗಳಿಗೆ ಅಷ್ಟು ಧಾರಾಳವಾಗಿ ಕೊಟ್ಟವರಲ್ಲ. ಸುದ್ದಿ ಕೇಳಿ ತೆಲಸಂಗ, ಮುಗಳಖೋಡದಿಂದ ಜನ ಮನೆಯವರ ಕ್ಯಾನ್ಸರ್ ರಿಪೋರ್ಟು ಹಿಡಿದು ಬರುತ್ತಾರೆ. ಎಲ್ಲರಿಗೂ ಸರ್ ಹೇಳುವುದು ಒಂದೇ ಮಾತು: “ಇದು ಬರೇ ಕಂಪ್ಯೂಟರ್ ಹೇಳಿದ್ದು, ಕುಡೀಬ್ಯಾಡ್ರಿ.” ಸಂತೆಯಿಂದ ಸೊಪ್ಪು ಒಯ್ಯುವವರನ್ನೂ ತಡೆದು ಅದನ್ನೇ ಹೇಳುತ್ತಾರೆ. “ಪಲ್ಯಾಕ್ಕರಿ ಸರ್” ಎಂದರೂ ಒಂದೆಲೆ ಮೂಸಿ ನೋಡಿಯೇ ಬಿಡುವುದು. ಮೊನ್ನೆ ಸುಲ್ತಾನಬಿ ಎಂಬಾಕೆ ಮೇಜಿನ ಮುಂದೆ ಕುಳಿತುಬಿಟ್ಟಳು: “ಎಲ್ಲಾಕ್ಕಿಂತ ಹೆಚ್ಚು ಮಾರ್ಕು ಬಿದ್ದ ಎಲಿ ಯಾವ್ದರಿ? ನನ್ನ ಮಗಳಿಗೆ ಅದನ್ನ ಕೊಡ್ರಿ.” ಸರ್ ಕಂಪ್ಯೂಟರ್ ಆರಿಸಿದರು. “ಅದನ್ನ ನಮ್ಮವ್ವಗ ನಾನ ಕುದಿಸಿ ಕುಡಿಸಿದ್ನಿರಿ. ಕ್ಯಾನ್ಸರ್ ಬ್ಯಾನಿಗಿಂತ ಮೊದ್ಲ ಆ ಎಲಿನೇ ಅಕಿನ್ನ ಒಯ್ತು.”