ಬಿಳಿ ಪಟ್ಟೆಯ ಕಂಡೆನ್ಸರ್

ದಾಂಡೇಲಿಯ ನಮ್ಮ ಸಾಲುಮನೆಗಳಲ್ಲಿ ಕೆಟ್ಟ ಸಿಎಫ್ಎಲ್ ಬಲ್ಬನ್ನು ಯಾರೂ ಎಸೆಯುವುದಿಲ್ಲ. ಪಕ್ಕದ ಮನೆಯ ಗೋದುಬಾಯಿಗೆ, ನಾವು ವೈನಿ ಅಂದರೆ ಅತ್ತಿಗೆ ಎಂದು ಕರೆಯುವಾಕೆಗೆ, ಕೊಡುತ್ತೇವೆ. ಆಕೆ ಅದನ್ನು ಬಿಚ್ಚಿ ಒಳಗಿನ ಸಾಮಾನನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಡುತ್ತಾಳೆ. ಗಂಡ ಪುಂಡಲೀಕನಿಗೆ ಅದೆಲ್ಲ ಕಸ. ಮನೆಯಲ್ಲಿ ನಡೆಯುತ್ತಿರುವ ಯಾವ ಸಾಮಾನಿಗೂ ಕೈ ಹಚ್ಚಬಾರದೆಂದು ಅವನ ಕಟ್ಟಪ್ಪಣೆ. ಥರ್ಮಾಕೋಲ್ ಪೆಟ್ಟಿಗೆ, ಒಂದು ಬಲ್ಬು, ಹಳೆಯ ಫ್ಯಾನು ಸೇರಿಸಿ ಆಕೆ ಕೋಳಿ ತತ್ತಿಗೆ ಕಾವು ಕೊಟ್ಟು ಮರಿ ಮಾಡುವ ಯಂತ್ರ ಕಟ್ಟಿದಾಗಲೂ ನಕ್ಕ ಮನುಷ್ಯ ಅವನು. ನನಗೆ ಮೈಯೆಲ್ಲ ಉರಿದಿತ್ತು.

ಈ ಜನವರಿಯಲ್ಲಿ ಪೆಟ್ಟಿಗೆಯೊಳಗೆ ಎರಡು ಅಂತಸ್ತು ತತ್ತಿಗಳಿದ್ದವು. ಜಗಳ ಬರಬಾರದೆಂದು ಒಂದೊಂದರ ಮೇಲೂ ಪೆನ್ಸಿಲ್ಲಿನಲ್ಲಿ ಒಡತಿಯ ಹೆಸರಿನ ಮೊದಲಕ್ಷರ. ಮೇಲಿನ ಹನ್ನೆರಡು ಎದುರುಮನೆಯ ಗಿರಿಜಾಬಾಯಿಯವು, ಕೆಳಗಿನವು ವೈನಿಯವು. ಗಿರಿಜಾಬಾಯಿಯ ಜವಾರಿ ನಾಟಿ ಕೋಳಿಗಳೆಲ್ಲ ರೋಗ ಬಂದು ಸತ್ತಿದ್ದವು. ಆ ತಳಿಯಲ್ಲಿ ಉಳಿದದ್ದು ಆ ಹನ್ನೆರಡೇ.

ಹತ್ತೊಂಬತ್ತನೇ ದಿನ, ಭಾನುವಾರ ಬೆಳಿಗ್ಗೆ, ಫ್ಯಾನು ನಿಂತಿತು. ಗಾಳಿ ಆಡದಿದ್ದರೆ ಬಲ್ಬಿನ ಕಾವು ಮೇಲೆಯೇ ನಿಂತು ಅಲ್ಲಿನ ತತ್ತಿ ಬೇಯುತ್ತವೆ. ಬಲ್ಬು ಆರಿಸಿದರೆ ಚಳಿಗೆ ಎಲ್ಲವೂ ಸಾಯುತ್ತವೆ. ಅಂಗಡಿಗಳು ಬಂದ್.

"ಫ್ಯಾನು ತಿರುಗಿಸೂ ಕಂಡೆನ್ಸರ್ ಹೋಗೇತಿ," ಎಂದಳು ವೈನಿ. ಡಬ್ಬಿ ಸುರುವಿ, ಹೆಚ್ಚುಕಡಿಮೆ ಅದೇ ನಂಬರಿನ ಒಂದನ್ನು ಆರಿಸಿ ಬೆಸುಗೆ ಹಾಕಿ ಸ್ವಿಚ್ ಒತ್ತಿದಳು. ಎಣಿಸಿ ಹತ್ತು ಆಗುವುದರೊಳಗೆ ಅದು ಢಂ ಎಂದು ಸಿಡಿಯಿತು. ಬೆಳಕಿಗೆಂದು ಹಿಡಿದಿದ್ದ ಬ್ಯಾಟರಿ ನನ್ನ ಕೈಯಿಂದ ಜಾರಿತು.

ಓಡಿ ಬಂದ ಗಿರಿಜಾಬಾಯಿ ಅಳುವುದೊಂದು ಬಾಕಿ. "ಇನ್ನೊಂದು ಹಾಕ ಗೋದು! ಡಬ್ಬಿ ತುಂಬ ಅದಾವಲ್ಲ!"

"ಎಲ್ಲಾ ಬಿಳಿ ಪಟ್ಟೇದೂ ಅದಾವ್ರಿ. ಪಟ್ಟೆ ಇದ್ದ ಕಡೆ ಮೈನಸ್ಸು. ಇದು ಒಂದ ದಿಕ್ಕಿನ ಕರೆಂಟು ತಾಳತೈತಿ. ಮನಿ ಕರೆಂಟು ಹೋಗತೈತಿ, ತಿರುಗಿ ಬರತೈತಿ. ಫ್ಯಾನಿಗಿ ಎರಡೂ ಕಡೆ ತಾಳೂದ ಬೇಕು." ವೈನಿ ಸಿಡಿದದ್ದನ್ನು ಕಿತ್ತು ತೆಗೆದಳು. "ಗೊತ್ತಿದ್ದೂ ಗಡಿಬಿಡ್ಯಾಗ ನಂಬರಷ್ಟ ನೋಡಿ ಹಾಕಿದ್ನಿ."

ಆಕೆ ತಲೆಯೆತ್ತಿ ಮನೆಯ ಫ್ಯಾನು ನೋಡಿದಳು. ಅದರಲ್ಲಿತ್ತು ಬೇಕಾದದ್ದು, ಪಟ್ಟೆಯಿಲ್ಲದ್ದು. ಮೊದಲು ಪೆಟ್ಟಿಗೆ ತೆರೆದು ತತ್ತಿಗಳನ್ನು ಬೇಗಬೇಗ ಅದಲುಬದಲು ಮಾಡಿದಳು. ಯಾಕೆಂದು ಕೇಳುವ ಪುರಸೊತ್ತು ನನಗಿರಲಿಲ್ಲ. ಆಮೇಲೆ ಪೆಟ್ಟಿಗೆಯ ಬಲ್ಬು ಉರಿಯುತ್ತಿರಲೆಂದು ಮನೆಯ ಫ್ಯಾನಿನ ಫ್ಯೂಸ್ ಮಾತ್ರ ಕಿತ್ತು ಸ್ಟೂಲು ಹತ್ತಿದಳು.

"ಪುಂಡಲೀಕಣ್ಣ ಸುಮ್ನಿರ್ತಾನೇನ ವೈನಿ?"

"ಬೈಲಿ ಬಿಡವಾ."

ಸ್ಕ್ರೂಗಳಿಗೆ ತುಕ್ಕು ಹಿಡಿದಿತ್ತು. ಕಂಡೆನ್ಸರ್ ಕೈಗೆ ಬರಲು ಒಂದು ತಾಸು ಹಿಡಿಯಿತು. ಪೆಟ್ಟಿಗೆಯ ಫ್ಯಾನು ತಿರುಗಿದಾಗ ಮೂವರೂ ನೆಲಕ್ಕೆ ಕೂತುಬಿಟ್ಟೆವು. ಸಂಜೆ ಪುಂಡಲೀಕ ಕೂಗಾಡಿದ, ವೈನಿ ಪೆಟ್ಟಿಗೆಯ ಮುಂದೆಯೇ ಕೂತಿದ್ದಳು.

ಮಂಗಳವಾರ ಕೆಳಗಿನ ಅಂತಸ್ತಿನಲ್ಲಿ ಒಂಬತ್ತು ಮರಿ ಚಿಂವ್‌ಗುಟ್ಟಿದವು. ಮೇಲಿನದರಲ್ಲಿ ಒಂದೂ ಒಡೆಯಲಿಲ್ಲ. ಗಿರಿಜಾಬಾಯಿ ಮೇಲಿನ ತತ್ತಿಗಳನ್ನು ಒಂದೊಂದಾಗಿ ಹೊರಳಿಸಿ ನೋಡಿದರು. ಹನ್ನೆರಡರ ಮೇಲೂ 'ಗೋ' ಎಂದಿತ್ತು.

"ನನ್ನ ತತ್ತಿ ಕೆಳಗ ಇಟ್ಟು ನಿನ್ನ ತತ್ತಿ ಬಲ್ಬಿನ ಬುಡಕ ಇಟ್ಟಿ ಏನ?"

"ತಪ್ಪು ಮಾಡಿದಾಕಿ ನಾನ ಅಲ್ಲೇನ್ರಿ?"

ಗಿರಿಜಾಬಾಯಿ ಕೆಳಗಿನ ಅಂತಸ್ತಿಗೆ ಕೈ ಹಾಕಿದರು. ಎರಡು ಮರಿ ಎತ್ತಿ ವೈನಿಯ ಸೆರಗಿನಲ್ಲಿ ಹಾಕಿದರು. ಮೂರು ದಿನದಿಂದ ಕಣ್ಣು ಒದ್ದೆ ಮಾಡದ ವೈನಿ ಆಗ ಅತ್ತಳು.